ಅರಿಶಿನದ ಶಾಲು ಕೆಂಪಾಯಿತು, ಗುಲಾಬಿ ಅಂಚು ಬೆಳ್ಳಗಾಯಿತು: ಇನ್ನೇನು ಮಾಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿವಮೊಗ್ಗದವಳು, ನಿವೃತ್ತ ಶಿಕ್ಷಕಿ. ಮುಂದಿನ ತಿಂಗಳು ಮಗಳ ಸೀಮಂತ. ಅವಳಿಗೆಂದು ಮೂರು ತಿಂಗಳು ಕೂತು ತ್ರಿಕೋನದ ಲೇಸ್ ಶಾಲು ಹೆಣೆದೆ. ಹುಟ್ಟುವ ಮಗುವಿಗೂ ಹೊದಿಸಬಹುದು ಅಂತ ಆಸೆ. ತಂಗಿ ಆಸ್ಟ್ರೇಲಿಯಾದಿಂದ 50 ಗ್ರಾಮಿನ 2 ಲಡಿ ಬಿಳಿ ಮೆರಿನೊ ಉಣ್ಣೆ ತಂದುಕೊಟ್ಟಿದ್ದಳು. ಕೆಮಿಕಲ್ ಬೇಡವೆಂದು ಅದನ್ನು ಅರಿಶಿನದಲ್ಲಿ ಕುದಿಸಿ ಬಣ್ಣ ಹಾಕಿದೆ. ಕಲ್ಲುಪ್ಪು, ಸ್ವಲ್ಪ ವಿನೆಗರ್ ಕೂಡ ಹಾಕಿದ್ದೆ. ಅಂಚಿಗೆ ದಾರ ಸಾಲದೆ ಇಲ್ಲೇ ಅಂಗಡಿಯಲ್ಲಿ ತೆಳ್ಳಗಿನ ಬಿಳಿ ಉಲ್ಲನ್ ತಂದು, ಬೀಟ್ರೂಟ್ ಮತ್ತು ದಾಸವಾಳದ ರಸದಲ್ಲಿ ಅದ್ದಿ ತಿಳಿ ಗುಲಾಬಿ ಮಾಡಿಕೊಂಡೆ. ಮೊನ್ನೆ ಬಟ್ಟೆ ಸೋಪು ಹಚ್ಚಿ ಒಗೆದೆ. ಹಳದಿಯ ಮೇಲೆ ಅಲ್ಲಲ್ಲಿ ಇಟ್ಟಿಗೆ ಕೆಂಪು ಕಲೆ. ಗುಲಾಬಿ ಪೂರ್ತಿ ಮಾಯ. ತಾರಸಿಯಲ್ಲಿ ಒಣಗಿಸಿದ ಮೇಲೆ ಮೇಲ್ಭಾಗ ಮಾಸಿದೆ. ಪುಸ್ತಕದಲ್ಲಿ 5 ಅಡಿ ಅಗಲ ಅಂತಿದೆ, ನನ್ನದು 4 ಅಡಿಯೂ ಇಲ್ಲ, ಮುದ್ದೆಯ ಹಾಗೆ ಸುಕ್ಕಾಗಿದೆ. ಉಪ್ಪು ಕಡಿಮೆಯಾಯಿತಾ? ಉಣ್ಣೆ ಕುಗ್ಗಿಹೋಯಿತಾ? ಬಿಚ್ಚಿಬಿಡಲಾ?

ಉತ್ತರ: ಬಿಚ್ಚಬೇಡಿ. ಕನಿಷ್ಠ ಪೂರ್ತಿ ಬಿಚ್ಚಬೇಡಿ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನಿಮ್ಮ ಹೆಣಿಗೆಯಲ್ಲಿ ತಪ್ಪಾಗಿದೆ ಎನ್ನುವ ಒಂದು ಮಾತೂ ಅದರಲ್ಲಿ ನನಗೆ ಕಾಣಲಿಲ್ಲ. ಒಂದೇ ಶಾಲಿನಲ್ಲಿ ನಾಲ್ಕು ಬೇರೆ ಬೇರೆ ವಿಷಯ ಒಟ್ಟಿಗೆ ನಡೆದಿವೆ. ಎಲ್ಲ ಒಂದೇ ದಿನ ಕಣ್ಣಿಗೆ ಬಿದ್ದದ್ದರಿಂದ ಶಾಲೇ ಹಾಳಾಯಿತು ಅನಿಸಿದೆ. ಒಂದೊಂದಾಗಿ ನೋಡೋಣ. ನಾಲ್ಕರಲ್ಲಿ ಎರಡು ಇವತ್ತೇ ಸರಿಹೋಗುವಂಥವು.

ಮೊದಲು ಆ ಕೆಂಪು ಕಲೆ. ಇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬೆರೆಸಿದರೆ ಏನಾಗುತ್ತದೆ? ಕೆಂಪಗೆ ಓಕುಳಿ ಆಗುತ್ತದೆ, ಅಲ್ವಾ? ಅರಿಶಿನದಿಂದ ಕುಂಕುಮ ಮಾಡುವುದೂ ಇದೇ ಗುಣದಿಂದ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಬಟ್ಟೆ ಸೋಪು ಒಳ್ಳೆಯ ಕ್ಷಾರ. ನೀವು ಸೋಪು ಉಜ್ಜಿದ ಕಡೆಯೆಲ್ಲ ಕೆಂಪಾಗಿದೆ, ಅಷ್ಟೆ.

ಅರ್ಧ ಬಕೆಟ್ ತಣ್ಣೀರಿಗೆ ನಾಲ್ಕು ಚಮಚ ಬಿಳಿ ವಿನೆಗರ್ ಹಾಕಿ ಶಾಲನ್ನು ಮುಳುಗಿಸಿಡಿ. ಕೆಂಪು ಕಲೆಗಳು ಕಣ್ಣೆದುರೇ ಕರಗಿ ಹಳದಿಯಾಗುತ್ತವೆ. ಕಾಲು ಗಂಟೆ ಬಿಟ್ಟು ಬರೀ ನೀರಿನಲ್ಲಿ ಜಾಲಿಸಿ. ಇದನ್ನು ಇವತ್ತು ರಾತ್ರಿಯೇ ಮಾಡಿ. ಬಣ್ಣಕ್ಕಿಂತ ಹೆಚ್ಚಾಗಿ ಉಣ್ಣೆಗೋಸ್ಕರ ಹೇಳುತ್ತಿದ್ದೇನೆ. ಸೋಪಿನ ಕ್ಷಾರ ಎಳೆಯೊಳಗೆ ಉಳಿದರೆ ಉಣ್ಣೆ ಒರಟಾಗಿ ಬಲ ಕಳೆದುಕೊಳ್ಳುತ್ತದೆ. ಮುಂದೆ ಈ ಶಾಲಿಗೆ ಬಟ್ಟೆ ಸೋಪು, ವಾಷಿಂಗ್ ಪೌಡರ್ ಬೇಡ. ಒಂದು ಮುಚ್ಚಳ ಶಾಂಪೂ ಸಾಕು.

ಈಗ ಉಪ್ಪಿನ ವಿಷಯ. ಬಣ್ಣದ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಉಪ್ಪು ಇಲ್ಲದ್ದು ಕಡಿಮೆ. ನಮ್ಮ ಅಮ್ಮಂದಿರು ಹೊಸ ಹತ್ತಿ ಸೀರೆಯನ್ನು ಮೊದಲ ಸಲ ಕಲ್ಲುಪ್ಪಿನ ನೀರಿನಲ್ಲಿ ನೆನೆಸುತ್ತಿದ್ದರು. ಅದರಿಂದ ಆ ಹೊತ್ತಿಗೆ ಬಣ್ಣ ಬಿಡುವುದು ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಬಣ್ಣ ಗಟ್ಟಿಯಾಗುವುದಿಲ್ಲ. ಮುಂದಿನ ಸಲ ಬರೀ ನೀರಿಗೆ ಹಾಕಿದರೆ ಮತ್ತೆ ಬಿಡುತ್ತದೆ. ಹತ್ತಿಗೆ ಬಣ್ಣ ಹಾಕುವಾಗ, ಬಣ್ಣದ ನೀರಿನಲ್ಲೇ ಉಪ್ಪಿದ್ದರೆ ಬಣ್ಣ ನೀರು ಬಿಟ್ಟು ನೂಲಿನ ಕಡೆ ಹೋಗುತ್ತದೆ. ಉಪ್ಪಿನ ಕೆಲಸ ಅಲ್ಲಿಗೆ ಮುಗಿಯಿತು. ಉಣ್ಣೆಯ ಕಥೆಯೇ ಬೇರೆ. ಉಣ್ಣೆ ನಮ್ಮ ಕೂದಲಿನ ಹಾಗೆ ಪ್ರೋಟೀನು. ಅದಕ್ಕೆ ಬೇಕಾದದ್ದು ಹುಳಿ ಮತ್ತು ಬಿಸಿ, ಜೊತೆಗೆ ಉಣ್ಣೆಗೆ ಕಚ್ಚುವ ಜಾತಿಯ ಬಣ್ಣ. ನೀವು ಇನ್ನೂ ಒಂದು ಕಿಲೋ ಉಪ್ಪು ಸುರಿದಿದ್ದರೂ ಫಲ ಇಷ್ಟೇ. ವಿನೆಗರ್ ಹಾಕಿದ್ದು ತಪ್ಪಲ್ಲ, ಆದರೆ ಅರಿಶಿನದ ಜೊತೆ ಅದರಿಂದ ಬಣ್ಣ ಗಟ್ಟಿಯಾಗುವುದಿಲ್ಲ.

ಅರಿಶಿನದ ನಿಜವಾದ ತೊಂದರೆ ಬಿಸಿಲು. ಉಣ್ಣೆ, ರೇಷ್ಮೆ, ಹತ್ತಿ, ಯಾವುದಕ್ಕಾದರೂ ಅದು ಚೆಂದವಾಗಿ, ಬೇಗ ಹತ್ತುತ್ತದೆ. ಹಾಗಾಗಿಯೇ ಎಲ್ಲರೂ ಅದರಿಂದ ಶುರು ಮಾಡುತ್ತಾರೆ. ಆದರೆ ಬೆಳಕು ಬಿದ್ದಲ್ಲಿ ಆ ಬಣ್ಣ ಒಡೆದುಹೋಗುತ್ತದೆ. ಬಣ್ಣ ನೂಲಿಗೆ ಹಿಡಿಯಲೆಂದು ಬಳಸುವ ಪಟಿಕ ಹಾಕಿದರೂ ಬಿಸಿಲಿನಿಂದ ಅದನ್ನು ಕಾಪಾಡಲು ಆಗುವುದಿಲ್ಲ. ನಿಮ್ಮ ಶಾಲಿನ ಮೇಲ್ಭಾಗ ಮಾಸಿದ್ದು ತಾರಸಿಯ ಬಿಸಿಲಿಗೆ. “ನನ್ನ ಅರಿಶಿನ ವರ್ಷವಾದರೂ ಮಾಸಿಲ್ಲ” ಎಂದು ಯಾರಾದರೂ ಹೇಳಿದರೆ ನನಗೆ ಆ ಅರಿಶಿನಪುಡಿಯ ಮೇಲೇ ಅನುಮಾನ ಬರುತ್ತದೆ. ಅರಿಶಿನಕ್ಕೆ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಕಲಬೆರಕೆ ಮಾಡುವುದುಂಟು. ತಿನ್ನುವ ಪದಾರ್ಥಕ್ಕೆ ಅದನ್ನು ಹಾಕುವಂತಿಲ್ಲ. ಆದರೆ ಅದು ಉಣ್ಣೆಗೆ ಕಚ್ಚುವ ಜಾತಿಯದೇ.

ಬೀಟ್ರೂಟ್ ಮತ್ತು ದಾಸವಾಳ ಇನ್ನೂ ದುರ್ಬಲ. ಬೀಟ್ರೂಟಿನ ಕೆಂಪು ಬಿಸಿಗೂ ನಿಲ್ಲುವುದಿಲ್ಲ, ಬೆಳಕಿಗೂ ನಿಲ್ಲುವುದಿಲ್ಲ. ದಾಸವಾಳದ ಬಣ್ಣ ಹುಳಿಗೊಂದು, ಸೋಪಿಗೊಂದು ರೂಪ ತೋರಿಸಿ ಕೊನೆಗೆ ಬೂದು ಆಗುತ್ತದೆ. ಕೈಗೆ ಕಲೆ ಹತ್ತುತ್ತದೆ ಅಂದ ಮಾತ್ರಕ್ಕೆ ದಾರಕ್ಕೂ ಹತ್ತುತ್ತದೆ ಅಂತಲ್ಲ.

ಆದರೆ ಅಂಚು ಪೂರ್ತಿ ಬೆಳ್ಳಗಾಗಿದೆ, ಒಂದು ಚೂರೂ ಬಣ್ಣ ಉಳಿದಿಲ್ಲ ಎಂದಿರಿ. ಅದು ಬೀಟ್ರೂಟಿನದು ಮಾತ್ರವಲ್ಲ, ದಾರದ ಗುಣವೂ ಹೌದು. ನಮ್ಮ ಅಂಗಡಿಗಳಲ್ಲಿ “ಉಲ್ಲನ್” ಅಂತ ಕೊಡುವುದು ಬಹುಪಾಲು ಅಕ್ರಿಲಿಕ್. ಅಂದರೆ ಪ್ಲಾಸ್ಟಿಕ್ ಜಾತಿಯ ನೂಲು. ಮಕ್ಕಳ ಟೋಪಿಗೆ, ದಿನಬಳಕೆಯ ಸ್ವೆಟರಿಗೆ ಅದು ಒಳ್ಳೆಯದೇ. ನಾನೂ ಬಳಸುತ್ತೇನೆ. ಆದರೆ ಅದಕ್ಕೆ ಬಣ್ಣ ಹಾಕುವುದು ಕಾರ್ಖಾನೆಯಲ್ಲಿ, ಬೇರೆ ಜಾತಿಯ ಬಣ್ಣದಿಂದ, ಕುದಿಯುವಷ್ಟು ಬಿಸಿಯಲ್ಲಿ. ಗಿಡಮೂಲಿಕೆಯ ಬಣ್ಣವಾಗಲಿ, ಉಣ್ಣೆಯ ಬಣ್ಣವಾಗಲಿ ಅದರ ಮೇಲೆ ಸುಮ್ನೆ ಕೂತಿರುತ್ತದೆ, ಒಳಗೆ ಇಳಿಯುವುದಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಿಕ್ಕಿದ ಉಂಡೆಯಿಂದ ಬೆರಳುದ್ದ ದಾರ ಕತ್ತರಿಸಿ. ಸಿಂಕಿನ ಮೇಲೆ, ಇಕ್ಕಳದಲ್ಲಿ ಹಿಡಿದು, ತುದಿಗೆ ಬೆಂಕಿಕಡ್ಡಿ ತಾಗಿಸಿ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ನಂದುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿಯುತ್ತದೆ, ಉಗುರಿನಲ್ಲಿ ಒತ್ತಿದರೂ ಒಡೆಯುವುದಿಲ್ಲ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ.

ಇನ್ನು ಸುಕ್ಕು. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ನಿಮ್ಮ ಶಾಲು ಕುಗ್ಗಿಲ್ಲ, ಅದನ್ನು ಇನ್ನೂ ಬಿಡಿಸಿಲ್ಲ ಎಂದು ನನ್ನ ಅಂದಾಜು. ಕಡ್ಡಿಯಿಂದ ಇಳಿದ ಲೇಸ್ ಯಾವಾಗಲೂ ಮುದ್ದೆಯಾಗಿಯೇ ಇರುತ್ತದೆ. ದಾರ ಸುತ್ತಿ ಮಾಡಿದ ತೂತು, ಪಕ್ಕದಲ್ಲೇ ಎರಡು ಕುಣಿಕೆ ಸೇರಿಸಿ ಒಂದು ಮಾಡಿದ ಜಾಗ, ಇವೆರಡೂ ಬಟ್ಟೆಯನ್ನು ಆ ಕಡೆ ಈ ಕಡೆ ಎಳೆಯುತ್ತವೆ. ಒದ್ದೆ ಮಾಡಿ, ಹಿಗ್ಗಿಸಿ, ಗುಂಡುಸೂಜಿ ಚುಚ್ಚಿ ಒಣಗಿಸಿದಾಗಲೇ ಎಲೆ, ಹೂವು, ಬಳ್ಳಿ ಕಾಣುವುದು. ಹೆಣೆಯುವವರು ಇದಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. 4 ಅಡಿಯ ಶಾಲು 5 ಅಡಿಯಾಗುವುದು ದೊಡ್ಡ ವಿಷಯವೇನಲ್ಲ. ಸ್ಕಾಟ್‌ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ, ಅದರಲ್ಲೂ ಉನ್ಸ್ಟ್ ಎಂಬ ದ್ವೀಪದಲ್ಲಿ, ಮದುವೆಯ ಉಂಗುರದೊಳಗೆ ತೂರಿ ಎಳೆಯಬಹುದಾದಷ್ಟು ತೆಳುವಾದ ಶಾಲು ಹೆಣೆಯುತ್ತಿದ್ದರು. ಅಲ್ಲಿ ತೊಳೆದ ಶಾಲನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಒಣಗಿಸುತ್ತಿದ್ದರು. ಆಮೇಲೆಯೇ ಅದು ಮಾರಾಟಕ್ಕೆ ಹೋಗುತ್ತಿತ್ತು.

ಆದರೂ ನಿಜವಾಗಿ ಕುಗ್ಗಿದೆಯೋ ಇಲ್ಲವೋ ಪರೀಕ್ಷೆ ಮಾಡಿ. ಬಿಸಿ, ಉಜ್ಜಾಟ, ಒದ್ದೆ ಮೂರೂ ಸೇರಿದರೆ ಉಣ್ಣೆಯ ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಜಡೆಗಟ್ಟುತ್ತವೆ. ಬೆಳಕಿಗೆ ಹಿಡಿದು ಒಂದು ತೂತಿನ ಎರಡೂ ಬದಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಅಗಲಿಸಿ. ಎಳೆಗಳು ಬೇರೆ ಬೇರೆಯಾಗಿ ಜಾರಿ, ಒಂದೊಂದು ಕುಣಿಕೆಯೂ ಎಣಿಸುವ ಹಾಗೆ ಕಂಡರೆ ಶಾಲು ಚೆನ್ನಾಗಿದೆ. ತೂತಿನ ಅಂಚಿನಲ್ಲಿ ನೂಲೆಲ್ಲ ಒಂದಾಗಿ, ಜೇಡರ ಬಲೆಯ ಹಾಗೆ ರೋಮ ಅಡ್ಡ ಕಟ್ಟಿದ್ದರೆ ಆ ಭಾಗ ಜಡೆಗಟ್ಟಿದೆ. ಅದು ಹಿಂದಕ್ಕೆ ಬರುವುದಿಲ್ಲ. ಸೋಪು ಉಜ್ಜಿದ ಜಾಗದಲ್ಲಿ ಅಂಗೈಯಷ್ಟು ಹಾಗಾಗಿರಬಹುದು. ಅಷ್ಟಾದರೆ ಹಿಗ್ಗಿಸಿದಾಗ ಗೊತ್ತೇ ಆಗುವುದಿಲ್ಲ.

ಈಗ ಮುಂದೇನು? ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು, ಇದ್ದ ಹಾಗೇ ಉಳಿಸಿಕೊಳ್ಳುವುದು. ವಿನೆಗರ್ ನೀರಿನಲ್ಲಿ ಅದ್ದಿ, ಹಿಗ್ಗಿಸಿ ಒಣಗಿಸಿ, ಸೀಮಂತದ ದಿನ ಹೊದಿಸಿ, ಬೀರುವಿನಲ್ಲಿ ಕತ್ತಲಲ್ಲಿಡುವುದು. ಹಳದಿ ಶಾಲು, ಬಿಳಿ ಅಂಚು, ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹೊರಗೆ ಹಾಕಿಕೊಂಡು ಓಡಾಡಿದರೆ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಸೋಪು ತಾಗಿದಾಗೆಲ್ಲ ಕೆಂಪು ಚುಕ್ಕೆ ಬರುತ್ತದೆ. ಮತ್ತೊಂದು ತೊಡಕು, ಅಂಚು ಅಕ್ರಿಲಿಕ್ ಆಗಿದ್ದರೆ ನೀರಿನಲ್ಲಿ ಅದ್ದಿ ಹಿಗ್ಗಿಸಿದರೂ ಸೂಜಿ ತೆಗೆದ ಕೂಡಲೇ ಅದು ವಾಪಸ್ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಮಟ್ಟ ಮಾಡಲು ಹಬೆ ಬೇಕು. ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ, ಎರಡು ಬೆರಳು ಎತ್ತರದಿಂದ ಹಬೆ ಮಾತ್ರ ಬಿಡಬೇಕು. ಒಂದು ಕ್ಷಣ ಹೆಚ್ಚಾದರೂ ದಾರ ಜೀವ ಕಳೆದುಕೊಂಡು ಜೋಲುತ್ತದೆ. ಮತ್ತೆ ಸರಿಯಾಗುವುದಿಲ್ಲ.

ಎರಡನೆಯದು, ಶಾಲನ್ನು ಪೂರ್ತಿಯಾಗಿ ಬಣ್ಣದ ಪಾತ್ರೆಗೆ ಇಳಿಸುವುದು. ಇದು ಬೇಡ. ಉಣ್ಣೆಗೆ ಬಣ್ಣ ಕಚ್ಚಲು ಬೇಕಾದ ಬಿಸಿಗೆ ಅಕ್ರಿಲಿಕ್ ಅಂಚು ಮೆತ್ತಗಾಗಿ ಜಗ್ಗುತ್ತದೆ. ಎರಡು ಜಾತಿಯ ದಾರ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಒಂದಕ್ಕಂತೂ ಅನ್ಯಾಯವಾಗುತ್ತದೆ.

ಮೂರನೆಯದೇ ನನ್ನ ಸಲಹೆ. ಅಂಚು ಮಾತ್ರ ಬಿಚ್ಚಿ, ಒಡಲನ್ನು ಉಳಿಸಿಕೊಂಡು, ಅದಕ್ಕೆ ನಿಲ್ಲುವ ಬಣ್ಣ ಹಾಕಿ, ಹೊಸ ಅಂಚು ಹೆಣೆಯುವುದು. ಅಂಚನ್ನು ಕೊನೆಯಲ್ಲಿ ಹೆಣೆದಿದ್ದೀರಿ, ಹಾಗಾಗಿ ಅದು ಮೊದಲು ಬಿಚ್ಚುತ್ತದೆ. ಆದರೆ ಕತ್ತರಿ ತೆಗೆದುಕೊಳ್ಳುವ ಮೊದಲು ಒಂದು ಕೆಲಸ. ತುದಿ ಮೊಂಡಾದ ಸೂಜಿಗೆ ಬಿಳಿ ಪಾಲಿಸ್ಟರ್ ಹೊಲಿಗೆ ದಾರ ಪೋಣಿಸಿ. ಅಂಚಿಗೆ ತಾಗಿದ ಹಳದಿಯ ಕೊನೆಯ ಸಾಲಿನ ಪ್ರತಿ ಕುಣಿಕೆಯೊಳಗೂ ಅದನ್ನು ಹಾಯಿಸಿ. ಒಂದನ್ನೂ ಬಿಡಬೇಡಿ. ದಾರ ಅಂಚಿನ ಉದ್ದಕ್ಕಿಂತ ಅರ್ಧದಷ್ಟು ಜಾಸ್ತಿ ಇರಲಿ, ಎರಡೂ ತುದಿ ಗಂಟು ಹಾಕಿ. ಹಗಲು ಬೆಳಕಿನಲ್ಲಿ ಕೂತು ಮಾಡಿ. ಈ ದಾರ ಇದ್ದರೆ ಅಂಚು ಬಿಚ್ಚಿದಾಗ ಕುಣಿಕೆಗಳು ಅಲ್ಲೇ ನಿಲ್ಲುತ್ತವೆ. ಲೇಸಿನಲ್ಲಿ ಒಂದು ಕುಣಿಕೆ ಜಾರಿದರೆ ಅದು ಹತ್ತು ಸಾಲು ಕೆಳಗೆ ಓಡುತ್ತದೆ, ತೂತುಗಳ ನಡುವೆ ಅದನ್ನು ಹಿಡಿದು ತರುವುದು ಬಹಳ ಕಷ್ಟ.

ಬಣ್ಣ ಯಾವುದು? ಕೆಮಿಕಲ್ ಬೇಡ ಎಂದಿದ್ದೀರಿ. ಅದಕ್ಕೆ ಎರಡು ಹೆಸರು ಹೇಳುತ್ತೇನೆ. ಹಳದಿಯೇ ಬೇಕೆಂದರೆ ದಾಳಿಂಬೆ ಸಿಪ್ಪೆ. ಅರಿಶಿನದ ಹೊಳಪು ಬರುವುದಿಲ್ಲ, ಸಾಸಿವೆ ಕಡೆಗೆ ತಿರುಗಿದ ಹಳದಿ ಬರುತ್ತದೆ, ಆದರೆ ನಿಲ್ಲುತ್ತದೆ. ಕೆಂಪು ಇಷ್ಟವಾದರೆ ಮಂಜಿಷ್ಠ. ಗ್ರಂಥಿಗೆ ಅಂಗಡಿಯಲ್ಲಿ ಬೇರು ಸಿಗುತ್ತದೆ. ನಿಮ್ಮ ಅರಿಶಿನದ ಮೇಲೆ ಅದು ಕಾವಿ ಬೆರೆತ ಕಿತ್ತಳೆ ಕೆಂಪು ಕೊಡುತ್ತದೆ. ಅಡಿಯ ಅರಿಶಿನ ಕಾಲಕ್ರಮೇಣ ಮಾಸಿದರೂ ಮೇಲಿನ ಮಂಜಿಷ್ಠ ಉಳಿಯುತ್ತದೆ. ನನ್ನ ಮಗಳ ಶಾಲಾಗಿದ್ದರೆ ನಾನು ಮಂಜಿಷ್ಠವನ್ನೇ ಆರಿಸುತ್ತಿದ್ದೆ.

ಒಡಲು ಸುಮಾರು 85 ಗ್ರಾಂ ಇರಬಹುದು, ತೂಕ ಮಾಡಿ ನೋಡಿ. ಅದಕ್ಕೆ 10 ಗ್ರಾಂ ಪಟಿಕ ಸಾಕು. ಜಾಸ್ತಿ ಹಾಕಿದರೆ ಉಣ್ಣೆ ಅಂಟಂಟಾಗುತ್ತದೆ. ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, 5 ಲೀಟರ್ ತಣ್ಣೀರಿರುವ ಸ್ಟೀಲ್ ಪಾತ್ರೆಗೆ ಹಾಕಿ. ಶಾಲನ್ನು ಮೊದಲೇ ಅರ್ಧ ಗಂಟೆ ನೆನೆಸಿ, ಮಲ್ ಬಟ್ಟೆಯ ಸಡಿಲ ಚೀಲದಲ್ಲಿಟ್ಟು ಇಳಿಸಿ. ಸಣ್ಣ ಉರಿ. ಮುಕ್ಕಾಲು ಗಂಟೆಯಲ್ಲಿ ಮೆಲ್ಲಗೆ ಹಬೆಯಾಡುವ ಮಟ್ಟಕ್ಕೆ, ಸುಮಾರು 80 ಡಿಗ್ರಿಗೆ ಬರಲಿ. ಅಲ್ಲೇ ಒಂದು ಗಂಟೆ ನಿಲ್ಲಿಸಿ. ಕುದಿ ಬರಬಾರದು. ಸೌಟಿನಿಂದ ತಿರುವಬಾರದು, ಆಗಾಗ ಮೇಲಿನಿಂದ ಒತ್ತಿದರೆ ಸಾಕು. ಒಲೆ ಆರಿಸಿ ಅದೇ ನೀರಿನಲ್ಲಿ ರಾತ್ರಿ ಪೂರ್ತಿ ಆರಲು ಬಿಡಿ. ಶುರುವಿನಲ್ಲಿ ನನಗೆ ಈ ತಾಳ್ಮೆ ಇರಲಿಲ್ಲ. ಬಿಸಿ ಪಾತ್ರೆಯಿಂದ ತೆಗೆದು ನೇರ ನಲ್ಲಿಯ ಕೆಳಗೆ ಹಿಡಿದು, ಎರಡು ತಿಂಗಳು ಹೆಣೆದ ಶಾಲನ್ನು ಕೈವಸ್ತ್ರದಷ್ಟು ಚಿಕ್ಕದು ಮಾಡಿಕೊಂಡಿದ್ದೇನೆ. ಬಿಸಿಯಿಂದ ತಣ್ಣಗೆ ದಿಢೀರನೆ ಹಾಕುವುದೇ ಉಣ್ಣೆಗೆ ದೊಡ್ಡ ಪೆಟ್ಟು.

85 ಗ್ರಾಂ ಒಣ ಮಂಜಿಷ್ಠ ಬೇರನ್ನು ಜಜ್ಜಿ ರಾತ್ರಿ ನೆನೆಹಾಕಿ, ಮಾರನೆಯ ದಿನ ಒಂದು ಗಂಟೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಚೆನ್ನಾಗಿ ಸೋಸಿ. ಚೂರು ಬೇರು ಲೇಸಿನ ತೂತಿಗೆ ಸಿಕ್ಕಿದರೂ ಅಲ್ಲಿ ಕಲೆ ಬೀಳುತ್ತದೆ. ಆ ನೀರು ಆರಿದ ಮೇಲೆ ಶಾಲು ಇಳಿಸಿ, ಮತ್ತೆ ಅದೇ ಕ್ರಮ, ಅದೇ ಬಿಸಿ. ದಾಳಿಂಬೆ ಸಿಪ್ಪೆಗೂ ಅಳತೆ ಇಷ್ಟೇ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ದಾಳಿಂಬೆಯ ಹಳದಿ ಹಸಿರು ಬೂದಿಗೆ ತಿರುಗುತ್ತದೆ. ದಾಳಿಂಬೆ ಸಿಪ್ಪೆಯಲ್ಲಿರುವ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಂದ ಮಸಿ ಮಾಡುತ್ತಿದ್ದುದೂ ಹೀಗೆಯೇ. ಬಕೆಟಿನ ತಳದಲ್ಲಿ ಕೆಂಚು ಕಲೆ ಕಟ್ಟುವ ನೀರಾದರೆ ಫಿಲ್ಟರ್ ನೀರು ಬಳಸಿ, ಮಳೆಗಾಲವಾದರೆ ಹಿಡಿದ ಮಳೆನೀರು ಇನ್ನೂ ಒಳ್ಳೆಯದು. ಕಬ್ಬಿಣದ ಬಾಣಲೆ ಬೇಡ. ತುಕ್ಕು ಹಿಡಿಯುವ ಗುಂಡುಸೂಜಿಯೂ ಬೇಡ. ಬಣ್ಣದ ಪಾತ್ರೆ ಮತ್ತೆ ಅಡುಗೆಗೆ ಬೇಡ, ಪಟಿಕ ಮಾತ್ರ ಹಾಕಿದ್ದರೂ ಅಷ್ಟೆ.

ಕೆಮಿಕಲ್ ಬಣ್ಣದ ಬಗ್ಗೆಯೂ ನೇರವಾಗಿ ಹೇಳಬೇಕು. ಉಣ್ಣೆಗೆಂದೇ ಬರುವ ಆಸಿಡ್ ಡೈ ಎನ್ನುವ ಬಣ್ಣಗಳಿವೆ. ಹೆಸರು ಕೇಳಿ ಹೆದರಬೇಡಿ, ಅಲ್ಲಿ ಬೇಕಾದ ಆಸಿಡ್ ನಿಮ್ಮ ಅಡುಗೆಮನೆಯ ವಿನೆಗರೇ. 100 ಗ್ರಾಂ ಉಣ್ಣೆಗೆ 1 ಗ್ರಾಂ ಪುಡಿ ಮಧ್ಯಮ ಗಾಢತೆ ಕೊಡುತ್ತದೆ. ಸರಿಯಾಗಿ ಬಿಸಿಯಾದರೆ ಬಣ್ಣವೆಲ್ಲ ಉಣ್ಣೆಗೆ ಹೋಗಿ ನೀರು ತಿಳಿಯಾಗುತ್ತದೆ. ಬಿಸಿಲಿಗೆ, ಒಗೆತಕ್ಕೆ ಇವು ಅರಿಶಿನಕ್ಕಿಂತ ಎಷ್ಟೋ ಮೇಲು. ಅಪಾಯವಿರುವುದು ಒಣ ಪುಡಿ ಗಾಳಿಯಲ್ಲಿ ಹಾರಿ ಮೂಗಿಗೆ ಹೋಗುವುದರಲ್ಲಿ. ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಇನ್ನೊಂದು ಕಡೆ, ಗಿಡಮೂಲಿಕೆ ಎಂದ ಕೂಡಲೇ ಎಲ್ಲ ಸುರಕ್ಷಿತ ಅಂತಲೂ ಅಲ್ಲ. ಹಳೆಯ ಪದ್ಧತಿಗಳಲ್ಲಿ ಬಣ್ಣ ಹಿಡಿಸಲು ಕ್ರೋಮ್ ಉಪ್ಪು ಬಳಸುತ್ತಿದ್ದರು, ಅದು ವಿಷ. ಯಾರಾದರೂ ಹೇಳಿದರೂ ಮನೆಗೆ ತರಬೇಡಿ.

ಹೊಸ ಅಂಚಿಗೆ ಬಣ್ಣ ಹಾಕಿಸಲೇಬೇಡಿ. ಒಡಲಿನ ಅಡಿಯಲ್ಲಿ ಅರಿಶಿನವಿದೆ, ಹೊಸ ದಾರದಲ್ಲಿ ಇಲ್ಲ. ಒಂದೇ ಪಾತ್ರೆಗೆ ಹಾಕಿದರೂ ಎರಡೂ ಒಂದೇ ಬಣ್ಣ ಬರುವುದಿಲ್ಲ. ಬಿಳಿ ಮೆರಿನೊ, ಅದೇ ತೆಳುವಿನದು, 50 ಗ್ರಾಂ ಲಡಿ ತರಿಸಿ, ಹಾಗೆಯೇ ಹೆಣೆಯಿರಿ. ಶೆಟ್ಲೆಂಡಿನ ತೆಳು ಶಾಲುಗಳು, ಎಸ್ಟೋನಿಯಾದ ಹಾಪ್ಸಲು ಊರಿನ ಶಾಲುಗಳು ಹೆಚ್ಚಾಗಿ ಬಿಳಿಯೇ. ಬಣ್ಣ ಕಡಿಮೆಯಿದ್ದಷ್ಟೂ ತೂತಿನ ಚಿತ್ತಾರ ಎದ್ದು ಕಾಣುತ್ತದೆ. ನಮ್ಮ ಕಡೆಯ ಕುರಿ ಉಣ್ಣೆ ಬಳಸಬಹುದಾ ಎಂದು ತುಂಬ ಜನ ಕೇಳುತ್ತಾರೆ. ಡೆಕ್ಕನಿ ಕುರಿಯ ಉಣ್ಣೆ ಒರಟು. ನೇಯ್ದು, ಹುಣಸೆಬೀಜದ ಗಂಜಿ ಹಾಕಿದ ಕಂಬಳಿಗೆ ಅದಕ್ಕೆ ಸಾಟಿಯಿಲ್ಲ. ಲೇಸಿಗೆ, ಅದರಲ್ಲೂ ಕತ್ತಿಗೆ ತಾಗುವ ಶಾಲಿಗೆ, ಅದು ಚುಚ್ಚುತ್ತದೆ.

ಬಿಳಿ ಅಂಚು ಹೆಣೆಯುವ ಮೊದಲು ಒಡಲು ಬಣ್ಣ ಬಿಡುತ್ತದೆಯೇ ನೋಡಲೇಬೇಕು. ಅರಿಶಿನ ಸಡಿಲವಾಗಿ ಉಳಿದಿರುತ್ತದೆ, ಎರಡು ಮೂರು ಸಲ ಶಾಂಪೂ ನೀರಿನಲ್ಲಿ ಜಾಲಿಸಿ. ಕೊನೆಗೆ ಒದ್ದೆ ಶಾಲನ್ನು ಬಿಳಿ ಪಂಚೆಯ ಮೇಲಿಟ್ಟು ಹೆಬ್ಬೆರಳಿನಿಂದ ಎಣಿಸಿ ಹತ್ತರವರೆಗೆ ಒತ್ತಿ ಹಿಡಿಯಿರಿ. ಪಂಚೆಯ ಮೇಲೆ ಬೆರಳಚ್ಚು ಮೂಡದಿದ್ದರೆ ಮಾತ್ರ ಅಂಚು ಶುರು ಮಾಡಿ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿಗೆಯ ಮೇಲೆ ಹರಡಿ, ಮೊದಲು ಶಾಲಿನ ನಡುಗೆರೆ, ಆಮೇಲೆ ಮೂರು ಮೂಲೆ, ಕೊನೆಗೆ ಅಂಚಿನ ಒಂದೊಂದು ತುದಿ ಎಳೆದು ಸೂಜಿ ಚುಚ್ಚಿ. ಫ್ಯಾನ್ ಗಾಳಿ ಸಾಕು, ತಾರಸಿ ಬೇಡ.

ಮಗುವಿಗೆ ಹೊದಿಸುವ ಬಗ್ಗೆ: ಇದು ಮಗಳ ಹೆಗಲಿಗೆ ಇರಲಿ. ಲೇಸಿನ ತೂತಿಗೆ ಹಸುಗೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ, ನೂಲು ಸುತ್ತಿಕೊಂಡರೆ ರಕ್ತ ಓಡುವುದು ನಿಲ್ಲಬಹುದು. ತೊಟ್ಟಿಲಿಗಂತೂ ಬೇಡವೇ ಬೇಡ. ಮಗುವಿಗೆ ಬೇಕಾದರೆ ತೂತಿಲ್ಲದ ದಟ್ಟ ಹೆಣಿಗೆಯಲ್ಲಿ ಬೇರೆ ಒಂದು ಹೆಣೆಯಿರಿ.

ಸಮಯ ಲೆಕ್ಕ ಹಾಕಿದೆ. ಅಂಚು ಬಿಚ್ಚಲು ಎರಡು ದಿನ, ಬಣ್ಣಕ್ಕೆ ಮೂರು ದಿನ, ಒಣಗಲು ಒಂದು ದಿನ, ಹೊಸ ಅಂಚಿಗೆ ನಿಮ್ಮ ವೇಗದಲ್ಲಿ ಎರಡು ವಾರ. ಸೀಮಂತಕ್ಕೆ ಆಗುತ್ತದೆ. ಆದರೆ ಸೂಜಿಗೆ ದಾರ ಪೋಣಿಸುವ ಮೊದಲು ಆ ಬೆರಳುದ್ದ ಉಲ್ಲನ್ ಸುಟ್ಟು ನೋಡಿ. ಮಣಿ ಕಟ್ಟುವ ಬದಲು ಕೂದಲಿನ ವಾಸನೆ ಬಂದರೆ ನನ್ನ ಅಂದಾಜು ತಪ್ಪಿದೆ, ನಿಮ್ಮ ಅಂಚೂ ಉಣ್ಣೆಯೇ. ಆಗ ಏನೂ ಬಿಚ್ಚಬೇಡಿ. ಇಡೀ ಶಾಲನ್ನು ಪಟಿಕದ ನೀರಿಗೆ, ಆಮೇಲೆ ಮಂಜಿಷ್ಠಕ್ಕೆ ಇಳಿಸಿ. ಬಿಳಿ ಅಂಚು ತಿಳಿಯಾದ ಕೆಂಪಾಗಿ, ಒಡಲು ಗಾಢವಾಗಿ ಬರುತ್ತದೆ. ಪಟಿಕದ ಲೆಕ್ಕ ಮಾತ್ರ ಇಡೀ ಶಾಲಿನ ತೂಕಕ್ಕೆ ಹಾಕಿಕೊಳ್ಳಿ.